ಉಬುಂಟು ಎಲ್‌ಟಿಎಸ್ ಜೊತೆ 11 ವರ್ಷ: ‘ಐದು ವರ್ಷ ಸಪೋರ್ಟ್’ ಅಂದರೆ ನಿಜಕ್ಕೂ ಏನು?

2014ರಲ್ಲಿ 14.04 ಆವೃತ್ತಿ (ಅಂಕೆಗಳು ಬಿಡುಗಡೆಯ ವರ್ಷ, ತಿಂಗಳು) ಹಾಕಿಕೊಂಡಾಗಿನಿಂದ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗಳು ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲೇ ಓಡುತ್ತಿವೆ. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಅಪರೂಪಕ್ಕೊಂದು ಕವನ ಸಂಕಲನ, ಎಲ್ಲವೂ ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್, ಲಿಬ್ರೆಆಫೀಸ್‌ಗಳಲ್ಲೇ ಆಗುತ್ತದೆ. ಕೆಲಸದ ಮಟ್ಟಿಗೆ ನನ್ನದೇನೂ ದೂರಿಲ್ಲ. ಆದರೆ ಒಂದು ಆವೃತ್ತಿಯ ಆಯಸ್ಸು ಎಷ್ಟು, ಅದು ಮುಗಿದದ್ದು ನಮಗೆ ಹೇಗೆ ತಿಳಿಯುತ್ತದೆ ಅನ್ನುವುದು ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು. ಈ ವಿಮರ್ಶೆ ಅದರ ಬಗ್ಗೆಯೇ. ಎಲ್‌ಟಿಎಸ್ ಅಂದರೆ ದೀರ್ಘಾವಧಿ ಸಪೋರ್ಟ್ ಇರುವ ಆವೃತ್ತಿ, ಸಪೋರ್ಟ್ ಅಂದರೆ ಮುಖ್ಯವಾಗಿ ಭದ್ರತಾ ದೋಷಗಳನ್ನು ಸರಿಪಡಿಸಿಕೊಡುವುದು.

ಮೊದಲ ಪಾಠ 2021ರ ಯುಗಾದಿಗೆ ಮುಂಚೆ ಆಯಿತು. ಮೂರನೇ ಕಂಪ್ಯೂಟರನ್ನು ಜೋಡಿಸಿಕೊಟ್ಟವರು ‘ಎಲ್ಲಕ್ಕಿಂತ ಹೊಸದು ಇದೇ’ ಎಂದು 19.10 ಹಾಕಿಕೊಟ್ಟಿದ್ದರು. ಲಾಕ್‌ಡೌನ್‌ನಿಂದಾಗಿ ಅದು ತಿಂಗಳುಗಟ್ಟಲೆ ಮುಸುಕು ಹೊದ್ದು ಕೂತಿತ್ತು. ಪಂಚಾಂಗದ ಕೆಲಸ ಬಂದಾಗ ತೆರೆದು ಒಂದು ಪ್ಯಾಕೇಜ್ (ತಂತ್ರಾಂಶದ ಕಟ್ಟು) ಹಾಕಲು ಹೋದರೆ ಸಾಲು ಸಾಲಾಗಿ ‘404 ನಾಟ್ ಫೌಂಡ್’. ನೆಟ್ ಸರಿಯಿಲ್ಲ ಅಂದುಕೊಂಡು ರೂಟರನ್ನು ಮೂರು ಸಲ ಆರಿಸಿ ಹಾಕಿದೆ. ಆಮೇಲೆ ತಿಳಿಯಿತು: ಎರಡು ಎಲ್‌ಟಿಎಸ್‌ಗಳ ನಡುವೆ ಆರು ತಿಂಗಳಿಗೊಮ್ಮೆ ಬರುವ ಆವೃತ್ತಿಗಳಿಗೆ ಸಿಗುವುದು ಒಂಬತ್ತೇ ತಿಂಗಳ ಸಪೋರ್ಟ್. 19.10ರದ್ದು 2020ರ ಜುಲೈಗೇ ಮುಗಿದಿತ್ತು. ಅವಧಿ ಮುಗಿದ ಇಂಥ ಆವೃತ್ತಿಗಳ ಪ್ಯಾಕೇಜ್ ಭಂಡಾರವನ್ನು ಮುಖ್ಯ ಸರ್ವರ್‌ನಿಂದ ತೆಗೆದು ‘ಓಲ್ಡ್ ರಿಲೀಸಸ್’ ಎಂಬ ಹಳೆಯ ಉಗ್ರಾಣಕ್ಕೆ ಸಾಗಿಸಿಬಿಡುತ್ತಾರೆ.

ಆ 404 ನನ್ನನ್ನು ಅಂದು ಕಂಗೆಡಿಸಿತು. ಈಗ ಯೋಚಿಸಿದರೆ ಅದು ಉಪಕಾರ ಅನ್ನಿಸುತ್ತದೆ, ಮುಗಿದಿದೆ ಎಂದು ಬಾಯಿಬಿಟ್ಟು ಹೇಳಿತಲ್ಲ.

ಎಲ್‌ಟಿಎಸ್ ಹಾಗೆ ಹೇಳುವುದಿಲ್ಲ. ಎರಡನೇ ಕಂಪ್ಯೂಟರಿನಲ್ಲಿದ್ದ 18.04ರ ಸಾಮಾನ್ಯ ಸಪೋರ್ಟ್ ಮುಗಿದದ್ದು 2023ರ ಮೇ 31ಕ್ಕೆ. ಜೂನ್, ಜುಲೈ, ಆಗಸ್ಟ್, ಪ್ರತಿ ವಾರ ಅಪ್ಡೇಟ್ ಕೊಡುತ್ತಿದ್ದೆ. ‘ಎಲ್ಲ ಪ್ಯಾಕೇಜ್‌ಗಳೂ ಅಪ್ ಟು ಡೇಟ್’ ಎಂಬ ಉತ್ತರವೇ ಬರುತ್ತಿತ್ತು. ಎಲ್‌ಟಿಎಸ್ ಭಂಡಾರ ಮುಖ್ಯ ಸರ್ವರ್‌ನಲ್ಲೇ ಉಳಿಯುವುದರಿಂದ ದೋಷ ಬರುವುದಿಲ್ಲ. ಜೊತೆಗೆ ಇಎಸ್‌ಎಂ (ಅವಧಿ ಮುಗಿದ ಮೇಲೂ ಸಿಗುವ ವಿಸ್ತೃತ ಭದ್ರತಾ ಸಪೋರ್ಟ್) ಬಗ್ಗೆ ಒಂದೆರಡು ಸಾಲು ಬರುತ್ತಿದ್ದವು, ಜಾಹೀರಾತು ಎಂದು ದಾಟಿಬಿಡುತ್ತಿದ್ದೆ. ಸರಿಪಡಿಸುವಂಥದ್ದು ಏನೂ ಇಲ್ಲದಿದ್ದರೂ ಅದೇ ಉತ್ತರ, ಸರಿಪಡಿಸುವವರೇ ಇಲ್ಲದಿದ್ದರೂ ಅದೇ ಉತ್ತರ. ಗ್ರಾಹಕರ ಪೆನ್‌ಡ್ರೈವ್‌ಗಳು ದಿನಕ್ಕೆ ಹತ್ತು ಹದಿನೈದು ಬಂದು ಹೋಗುವ ಯಂತ್ರವದು.

ಇನ್ನೊಂದು ತಪ್ಪು ತಿಳಿವಳಿಕೆ. ಐದು ವರ್ಷ ಅನ್ನುವುದು ಆವೃತ್ತಿ ಬಿಡುಗಡೆಯಾದ ತಿಂಗಳಿನಿಂದ, ನಾವು ಹಾಕಿಕೊಂಡ ದಿನದಿಂದಲ್ಲ. 2022ರ ಏಪ್ರಿಲ್‌ನ 22.04 ಅನ್ನು 2025ರಲ್ಲಿ ಹಾಕಿಕೊಂಡವರಿಗೆ ಉಳಿಯುವುದು ಎರಡೇ ವರ್ಷ. ಕ್ಸುಬುಂಟು, ಲುಬುಂಟುಗಳಂಥ ಸೋದರ ಆವೃತ್ತಿಗಳಿಗಂತೂ ಎಲ್‌ಟಿಎಸ್ ಎಂದರೂ ಮೂರೇ ವರ್ಷ.

ನಮ್ಮಂಥ ಡಿಟಿಪಿಯವರು ಬಹಳ ಗಮನ ಕೊಡಬೇಕಾದದ್ದು ಮುಂದಿನ ಸಂಗತಿಗೆ. ಉಬುಂಟು ಭಂಡಾರದಲ್ಲಿ ‘ಮೇನ್’, ‘ಯೂನಿವರ್ಸ್’ ಎಂದು ವಿಭಾಗಗಳಿವೆ. ಉಬುಂಟು ತಯಾರಿಸುವ ಕಂಪನಿ ಕೆನಾನಿಕಲ್ ಐದು ವರ್ಷ ಭದ್ರತಾ ತೇಪೆ ಕೊಡುತ್ತೇನೆ ಎಂದು ವಹಿಸಿಕೊಳ್ಳುವುದು ಮೇನ್‌ನದ್ದನ್ನು. ಯೂನಿವರ್ಸ್ ಸಮುದಾಯದ ಸ್ವಯಂಸೇವಕರ ಮೇಲೆ ನಿಂತಿದೆ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್, ವಿಎಲ್‌ಸಿ ಎಲ್ಲಾ ಇರುವುದು ಯೂನಿವರ್ಸ್‌ನಲ್ಲಿ! ನನ್ನ ಹೊಟ್ಟೆಪಾಡಿನ ಸಾಧನಗಳಿಗೇ ಆ ಐದು ವರ್ಷದ ಮಾತು ಅನ್ವಯಿಸುತ್ತಿರಲಿಲ್ಲ ಎಂದು ತಿಳಿದ ದಿನ ನಿದ್ದೆ ಬರಲಿಲ್ಲ. ಟರ್ಮಿನಲ್‌ನಲ್ಲಿ ‘ಪ್ರೊ ಸೆಕ್ಯುರಿಟಿ-ಸ್ಟೇಟಸ್’ ಆಜ್ಞೆ ಕೊಟ್ಟು ನೋಡಿ. ಮೇನ್‌ನಿಂದ ಎಷ್ಟು ಪ್ಯಾಕೇಜ್, ಯೂನಿವರ್ಸ್‌ನಿಂದ ಎಷ್ಟು, ಹೊರಗಿನವರಿಂದ ಎಷ್ಟು, ಈಗ ಎಲ್ಲೂ ಸಿಗದಂಥವು ಎಷ್ಟು ಎಂದು ಅದು ಬಿಡಿಬಿಡಿಯಾಗಿ ತೋರಿಸುತ್ತದೆ. ಕೊನೆಯ ಸಾಲಿನಲ್ಲಿ ನನಗೆ ನಾನೇ ಮರೆತಿದ್ದ ಹಳೆಯ ಪ್ಯಾಕೇಜ್‌ಗಳು ಸಿಕ್ಕವು, ಅವನ್ನು ಕಿತ್ತುಹಾಕಿದೆ.

ಇದಕ್ಕೆ ಪರಿಹಾರ ಕೆನಾನಿಕಲ್‌ನದೇ ಚಂದಾ ಸೇವೆಯಾದ ಉಬುಂಟು ಪ್ರೊ, ಆ ಇಎಸ್‌ಎಂ ಸಿಗುವುದು ಇದರಲ್ಲೇ. ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಉಚಿತ. ಖಾತೆ ತೆರೆದು, ಟೋಕನ್ ಅಂಟಿಸಿದರೆ ಯೂನಿವರ್ಸ್‌ಗೂ ತೇಪೆ ಬರುತ್ತದೆ, ಒಟ್ಟು ಅವಧಿ ಹತ್ತು ವರ್ಷಕ್ಕೆ ಏರುತ್ತದೆ. ಹಾಗೆಂದು ಹೊಸ ಸೌಲಭ್ಯ ಬರುವುದಿಲ್ಲ, ಮುಖ್ಯವಾಗಿ ಗಂಭೀರ ಭದ್ರತಾ ದೋಷಗಳಷ್ಟೇ ಸರಿಯಾಗುತ್ತವೆ. ಮುದ್ರಣದ ಕೆಲಸಕ್ಕೆ ಅದು ಒಳ್ಳೆಯದೇ, ಅರ್ಧ ಪುಸ್ತಕದಲ್ಲಿ ಸಾಲುಗಳು ಜರುಗುವುದಿಲ್ಲ.

ಡೆಬಿಯನ್ ಎಂಬ ಇನ್ನೊಂದು ಲಿನಕ್ಸನ್ನೂ ಒಂದು ಯಂತ್ರದಲ್ಲಿ ಕೆಲಕಾಲ ಇಟ್ಟಿದ್ದೆ. ಅಲ್ಲಿ ಮೂರು ವರ್ಷ ಪೂರ್ಣ ಸಪೋರ್ಟ್, ಆಮೇಲಿನ ಎರಡು ವರ್ಷವನ್ನು ಬೇರೆಯೇ ಎಲ್‌ಟಿಎಸ್ ತಂಡ ನೋಡಿಕೊಳ್ಳುತ್ತದೆ. ಸ್ಟೇಬಲ್, ಓಲ್ಡ್‌ಸ್ಟೇಬಲ್, ಓಲ್ಡ್‌ಓಲ್ಡ್‌ಸ್ಟೇಬಲ್, ಹೀಗೆ ಹೆಸರಲ್ಲೇ ವಯಸ್ಸು ಗೊತ್ತಾಗುವುದು ನನಗೆ ತುಂಬ ಹಿಡಿಸಿತು. ಘೋಷಿಸಿದ ದಿನಾಂಕವೂ ಬದಲಾಗಬಹುದು ಎಂಬುದನ್ನು ಮಾತ್ರ ಮರೆಯಬಾರದು. ಸೆಂಟ್‌ಓಎಸ್ 8 ಎಂಬ ಮತ್ತೊಂದು ಲಿನಕ್ಸ್‌ಗೆ 2029ರವರೆಗೆ ಅವಧಿಯಿತ್ತು. 2020ರ ಡಿಸೆಂಬರ್‌ನಲ್ಲಿ ಅದನ್ನು 2021ರ ಕೊನೆಗೆ ಇಳಿಸಿದರು.

20.04ರ ಸರದಿ 2025ರ ಮೇ 31ಕ್ಕೆ ಮುಗಿಯಿತು. ಈ ಸಲ ಒಂದು ತಿಂಗಳು ಮುಂಚೆಯೇ, ಮದುವೆ ಕೆಲಸಗಳ ನಡುವೆ ಸಿಕ್ಕ ಒಂದು ಭಾನುವಾರ ಹೊಸ ಆವೃತ್ತಿಗೆ ಏರಿಸಲು ಕೂತೆ. ಒಂದು ಎಲ್‌ಟಿಎಸ್ ಬಿಟ್ಟು ಹಾರಲು ಬಿಡುವುದಿಲ್ಲ, ಮೊದಲು 22.04, ಆಮೇಲೆ 24.04. ಹೊರಗಿನ ಭಂಡಾರಗಳನ್ನು ಅಪ್‌ಗ್ರೇಡ್ ತಾನಾಗಿ ನಿಲ್ಲಿಸಿತು, ಬೇಕಾದದ್ದನ್ನು ಮತ್ತೆ ಸೇರಿಸಿದೆ. ಕನ್ನಡ ಟೈಪ್ ಮಾಡುವ ಕೆಜಿಪಿ ಕೀಲಿಮಣೆ ವಿನ್ಯಾಸ ಇದ್ದ ಹಾಗೇ ಇತ್ತು. ಸಂಜೆ ಹಳೆಯ ಲಗ್ನಪತ್ರಿಕೆಯೊಂದನ್ನು ತೆರೆದು ಒತ್ತಕ್ಷರಗಳನ್ನೆಲ್ಲ ನೋಡಿದೆ, ಒಂದೂ ಕದಲಿರಲಿಲ್ಲ.

ಈಗ ಮೂರೂ ಸಿಪಿಯು ಪೆಟ್ಟಿಗೆಗಳ ಮೇಲೆ ‘24.04, 2029’ ಎಂದು ಬರೆದ ಚೀಟಿ ಅಂಟಿಸಿದ್ದೇನೆ. ಈ ಗಡುವು ಸೆಟ್ಟಿಂಗ್ಸ್‌ನಲ್ಲಿ ಹುಡುಕಿದವರಿಗೆ ಸಿಗುತ್ತದೆ, ಹುಡುಕದವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ದೊಡ್ಡ ಅಕ್ಷರದಲ್ಲಿ ಮುಂದೆಯೇ ತೋರಿಸಿದ ದಿನ ಐದಕ್ಕೆ ಐದು ಕೊಡುತ್ತೇನೆ. ಸದ್ಯಕ್ಕೆ ನಾಲ್ಕು.