ಉಲ್ಕೆಗಿಂತ ಮೊದಲು ಮರಗಳೇ ಮುಗಿದವು: 'ಇಕೋ' ಆಟದ ಜೊತೆ ಎರಡು ವರ್ಷ

'ಇಕೋ' ಅನ್ನೋ ಕಂಪ್ಯೂಟರ್ ಆಟವನ್ನು ಮೊದಲ ಸಲ ಆಡಿದಾಗ ನಮ್ಮ ಮಕ್ಕಳು ನಾಲ್ಕೇ ದಿನದಲ್ಲಿ ಹತ್ತಿರದ ಕಾಡನ್ನೆಲ್ಲ ಬೋಳು ಮಾಡಿದ್ದರು. ಯಾರೂ ಬೇಕಂತ ಮಾಡಿದ್ದಲ್ಲ. ಏಳು ಮಕ್ಕಳು, ಏಳು ಮನೆ, ಎಲ್ಲರಿಗೂ ದೊಡ್ಡ ಮನೆಯೇ ಆಗಬೇಕು. ಐದನೇ ದಿನ ಮಗ ಸಪ್ಪೆ ಮುಖ ಮಾಡಿಕೊಂಡು ಬಂದು, "ಅಪ್ಪಾ, ಕಡಿಯೋಕೆ ಮರಾನೇ ಇಲ್ಲ" ಅಂದ. ಈ ಆಟ ಮನೆಯಲ್ಲಿ ಇರಲಿ ಅಂತ ನನಗೆ ಅನ್ನಿಸಿದ್ದು ಆಗಲೇ.

ಅದಕ್ಕೂ ಮೊದಲು ಫೋನ್‌ನಲ್ಲಿ ಬೇರೊಂದು 'ಹಸಿರು' ಆಟ ಇತ್ತು. ಹೆಸರು ಬೇಡ. ಗಿಡದ ಮೇಲೆ ಬೆರಳು ಒತ್ತಿದರೆ ನೀರು, ಮೂರು ನಿಮಿಷಕ್ಕೆ ಮರ. ಅಷ್ಟೂ ಕಾಯಲು ಆಗದಿದ್ದರೆ ದುಡ್ಡು ಕೊಟ್ಟು ಹರಳು ಕೊಳ್ಳಬೇಕು. ಎಲ್ಲರೂ ಸೇರಿ ಆಡೋ ಆಟ ಅಂತ ಹೇಳಿಕೊಂಡರೂ ಅಲ್ಲಿ ಸೇರುತ್ತಿದ್ದದ್ದು ಅಂಕಗಳ ಪಟ್ಟಿಯಲ್ಲಿ ಮಾತ್ರ. ಒಂದು ದಿನ ಚಾಟ್‌ನಲ್ಲಿ ಯಾರೋ ಮಗಳ ವಯಸ್ಸು, ಶಾಲೆ ಎಲ್ಲ ಕೇಳಲು ಶುರು ಮಾಡಿದರು. ಅವತ್ತೇ ತೆಗೆದುಹಾಕಿದೆ.

ಇಕೋ ಆ ಜಾತಿಯದ್ದಲ್ಲ. ಸ್ಟ್ರೇಂಜ್ ಲೂಪ್ ಗೇಮ್ಸ್ ಅನ್ನೋ ಕಂಪನಿ ಮಾಡಿದ ಈ ಆಟ 2018ರ ಫೆಬ್ರವರಿಯಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಆಟದಂಗಡಿಗೆ ಬಂತು. ತಯಾರಿಕೆಯ ಹಂತದಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ಅನುದಾನವೂ ಸಿಕ್ಕಿತ್ತು. ಹಾಗಂತ ಪಾಠದ ವಾಸನೆ ಹೊಡೆಯುವುದಿಲ್ಲ. ಕಥೆ ಇಷ್ಟೇ: ಒಂದು ಉಲ್ಕೆ ಬರುತ್ತಿದೆ, ಸಾಮಾನ್ಯವಾಗಿ 30 ದಿನ ಗಡುವು. ಆಟದ ದಿನ ಅಲ್ಲ, ನಮ್ಮ ಕ್ಯಾಲೆಂಡರಿನ ದಿನ. ಅಷ್ಟರಲ್ಲಿ ಎಲ್ಲರೂ ಸೇರಿ ಲೇಸರ್ ಕಟ್ಟಿ ಅದನ್ನು ಒಡೆಯಬೇಕು. ಅದಕ್ಕೆ ಗಣಿ, ಕಬ್ಬಿಣ, ಯಂತ್ರ ಎಲ್ಲ ಬೇಕು. ಇದಕ್ಕೆಲ್ಲ ಭೂಮಿಯನ್ನೇ ಅಗೆದರೆ, ಉಲ್ಕೆ ತಪ್ಪಿದರೂ ಬದುಕಲು ಏನೂ ಉಳಿಯುವುದಿಲ್ಲ. ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಮರ ಕಡಿಯೋದೂ ಸುಲಭದ ಕೆಲಸ ಅಲ್ಲ. ಮರ ಧೊಪ್ಪೆಂದು ಬೀಳುತ್ತದೆ. ಕೊಂಬೆ ಸವರಬೇಕು, ಕಾಂಡವನ್ನು ಹೊರಬಹುದಾದಷ್ಟು ತುಂಡು ಮಾಡಬೇಕು. ಬುಡದ ಮೋಟು ಅಲ್ಲೇ ನಿಂತಿರುತ್ತದೆ, ನೋಡಿದಾಗಲೆಲ್ಲ ನೆನಪಿಸುತ್ತದೆ. ಹೊಸ ಗಿಡ ನೆಟ್ಟರೆ ಬೆಳೆಯಲು ದಿನಗಟ್ಟಲೆ ಬೇಕು.

ಇನ್ನೊಂದು ವಿಷಯ, ಒಬ್ಬರೇ ಎಲ್ಲ ಕಸುಬು ಕಲಿಯಲು ಆಗುವುದಿಲ್ಲ. ಮಗಳು ಬೇಸಾಯ ಹಿಡಿದಳು, ಮಗ ಬಡಗಿಯಾದ, ನನ್ನ ಅಕ್ಕನ ಮಗ ತಾಮ್ರ ಕರಗಿಸಲು ಕೂತ. ಅದಿರಿನಿಂದ ಲೋಹ ತೆಗೆಯುವಾಗ 'ಟೇಲಿಂಗ್ಸ್' ಅನ್ನೋ ಕಸ ಉಳಿಯುತ್ತದೆ. ಅವನು ಅದನ್ನು ಕುಲುಮೆಯ ಹಿಂದೆ ಗುಡ್ಡೆ ಹಾಕುತ್ತಾ ಹೋದ. ವಾರದೊಳಗೆ ಮಗಳ ಗೋಧಿ ಬೆಳೆ ಸೊರಗಿತು. ಅವಳು ಬೀಜ ಸರಿಯಿಲ್ಲ ಅಂದುಕೊಂಡು ಮತ್ತೆ ಬಿತ್ತಿದಳು. ಅದೂ ಹೋಯಿತು. ಆಮೇಲೆ ನಕ್ಷೆಯಲ್ಲಿ ಮಾಲಿನ್ಯದ ಪದರ ತೆರೆದು ನೋಡಿದಾಗ, ಕಲೆ ಅವನ ಕುಲುಮೆಯಿಂದ ಹರಡಿ ಇವಳ ಹೊಲದವರೆಗೆ ಬಂದಿತ್ತು. ಎರಡು ಸಂಜೆ ಜಗಳ. "ನಾನು ತಾಮ್ರ ಮಾಡದಿದ್ರೆ ನಿಂಗೆ ಉಪಕರಣ ಎಲ್ಲಿಂದ ಬರುತ್ತೆ?" ಅಂತ ಅವನ ವಾದ. ಅದರಲ್ಲೂ ನ್ಯಾಯ ಇತ್ತು, ಅಲ್ವಾ? ಕೊನೆಗೆ ಬಂಡೆಯ ಕೆಳಗೆ ಆಳವಾಗಿ ಹೂತರೆ ತೊಂದರೆ ಕಡಿಮೆ ಅಂತ ಗೊತ್ತಾಗಿ, ಗುಂಡಿ ತೋಡಲು ಎಲ್ಲರೂ ಹೋದರು. ನಾನೂ ಹೋದೆ, ಸುಮ್ನೆ ನೋಡೋಣ ಅಂತ. ರಾತ್ರಿ ಹನ್ನೊಂದಾಯಿತು.

ಕಾನೂನು ಮಾಡುವುದು ಇದರ ನಿಜವಾದ ಮಜಾ. ಆಟಗಾರರೇ ಕಾನೂನು ಬರೆದು, ಮತ ಹಾಕಿ ಜಾರಿಗೆ ತರಬಹುದು. ಪ್ರಾಣಿಗಳ ಸಂಖ್ಯೆ ಏರಿಳಿದ ಗ್ರಾಫ್ ತೋರಿಸಿ ವಾದಿಸಬಹುದು. ಒಮ್ಮೆ ಜಾರಿಯಾದರೆ ಪೊಲೀಸರು ಬೇಡ, ಆಟವೇ ತಡೆಯುತ್ತದೆ. ಊರ ಸುತ್ತ ಮರ ಕಡಿಯುವಂತಿಲ್ಲ ಅನ್ನೋ ಕಾನೂನಿಗೆ ಜೋರಾಗಿ ಪ್ರಚಾರ ಮಾಡಿದ್ದು ನನ್ನ ಮಗನೇ. ಮಾರನೇ ದಿನ ಚಾವಣಿಗೆ ಎರಡು ಹಲಗೆ ಕಡಿಮೆ ಬಿತ್ತು. ಪಕ್ಕದ ಮರಕ್ಕೆ ಕೊಡಲಿ ಬೀಸಿದ, ಏಟು ಬೀಳಲಿಲ್ಲ. ಕಾರಣವಾಗಿ ಪರದೆಯ ಮೇಲೆ ಅವನದೇ ಕಾನೂನು. ಆ ಮುಖ ನೋಡಬೇಕಿತ್ತು.

ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು ಇಂಥದ್ದೇ ವಿಷಯಕ್ಕೆ: ಎಲ್ಲರಿಗೂ ಸೇರಿದ ಕಾಡು, ನೀರು, ಮೀನುಗಳನ್ನು ಜನ ತಾವೇ ನಿಯಮ ಮಾಡಿಕೊಂಡು ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ. ಮಕ್ಕಳಿಗೆ ಈ ಹೆಸರು ಹೇಳಿಲ್ಲ. ಹೇಳಿದರೆ ಆಟದ ರುಚಿ ಕೆಡುತ್ತದೆ.

ಕಷ್ಟಗಳೂ ಇವೆ. ಇದು ಫೋನ್‌ನಲ್ಲಿ ಆಡುವ ಆಟ ಅಲ್ಲ, ಸ್ವಲ್ಪ ಗಟ್ಟಿ ಕಂಪ್ಯೂಟರ್ ಬೇಕು. ಓದೋದು ಜಾಸ್ತಿ. ಹತ್ತು ವರ್ಷದೊಳಗಿನವರು ಒಬ್ಬರೇ ಕೂತರೆ ಅರ್ಧ ಗಂಟೆಗೆ ಬೇಸರ. ಮೊದಲೆರಡು ವಾರ ನಾನು ಪಕ್ಕದಲ್ಲೇ ಇರಬೇಕಾಯಿತು. ಯಾರೂ ಆಡದಿದ್ದರೂ ಗಡುವು ಓಡುತ್ತಲೇ ಇರುತ್ತದೆ, ಹಾಗಾಗಿ ಪರೀಕ್ಷೆಯ ಸಮಯದಲ್ಲಿ ತಲೆನೋವು. ಆಟದ ಲೋಕವನ್ನು ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ನಮ್ಮದೇ ಆದ್ದರಿಂದ ಉಲ್ಕೆಯ ಗಡುವನ್ನು ಮುಂದಕ್ಕೆ ಹಾಕಿಕೊಂಡಿದ್ದೇವೆ.

ಸ್ವಂತ ಸರ್ವರ್ ಅಂದೆನಲ್ಲ, ಅದು ಮಾತ್ರ ಬಿಡಬೇಡಿ. ಪಾಸ್‌ವರ್ಡ್ ಹಾಕಿ, ಗೊತ್ತಿರುವ ಮಕ್ಕಳನ್ನಷ್ಟೇ ಸೇರಿಸಿ. ಅಪರಿಚಿತರ ಚಾಟ್ ಕಾಟ ಇರುವುದಿಲ್ಲ. ಬೇರೆಯವರ ಸರ್ವರ್ ನಂಬಿದರೆ ಆಟವೇ ಒಂದು ದಿನ ಮಾಯವಾಗಬಹುದು. ಮಕ್ಕಳ ಆನ್‌ಲೈನ್ ಆಟ ಕ್ಲಬ್ ಪೆಂಗ್ವಿನ್ 2017ರ ಮಾರ್ಚ್‌ನಲ್ಲಿ ಮುಚ್ಚಿದಾಗ ಎಷ್ಟು ಮಕ್ಕಳು ಅಲ್ಲಿ ಕಟ್ಟಿಕೊಂಡಿದ್ದ ಇಗ್ಲೂ ಮನೆ ಹೋಯಿತೋ!

ಈಗ ನಮ್ಮದು ಐದನೇ ಸುತ್ತು. ಉಲ್ಕೆಗೆ ಇನ್ನೂ ಹನ್ನೊಂದು ದಿನ ಇದೆ. ಕಾಡು ಪರವಾಗಿಲ್ಲ, ಎಲ್ಕ್ ಜಿಂಕೆಗಳು ಮಾತ್ರ ಕಡಿಮೆಯಾಗಿವೆ. ದಿನಕ್ಕೆ ಎಷ್ಟು ಬೇಟೆಯಾಡಬಹುದು ಅನ್ನೋದಕ್ಕೆ ಇವತ್ತು ಸಂಜೆ ಮತದಾನ. ನನಗೆ ಒಂದು ಮತ ಇದೆ. ಎರಡೂ ಕಡೆಯವರು ಬೆಳಗ್ಗಿನಿಂದ ಅಪ್ಪನ ಹಿಂದೆ ಬಿದ್ದಿದ್ದಾರೆ.