ಎಂಜಿನ್‌ಗೆ ‘ಹೀಟ್ ಪೇಂಟ್’ ಹೊಡೆಸುತ್ತಿದ್ದೀರಾ? ಮೊದಲು ಇದನ್ನು ಓದಿ

ಹುಬ್ಬಳ್ಳಿ-ಧಾರವಾಡ ಕಡೆ ಹಳೇ ಕಾರು ಇಟ್ಟುಕೊಂಡವರು, ಅದರಲ್ಲೂ ಎಂಜಿನ್ ಕೆಲಸ ಮಾಡಿಸುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹೀಟ್ ಪೇಂಟ್, ಅಂದರೆ ಎಂಜಿನ್ ಬಿಸಿ ತಡೆಯುವ ಪೇಂಟ್ ಅಂತ ದುಡ್ಡು ತಗೊಂಡು, ಮನೆ ಗೇಟಿಗೆ ಬಳಿಯುವ ಸಿಲ್ವರ್ ಪೇಂಟ್ ಹೊಡೆದು ಕಳಿಸುವವರಿದ್ದಾರೆ. ನಮಗೆ ಹಾಗೇ ಆಯ್ತು. ದುಡ್ಡಿನ ಮಾತು ಬಿಡಿ. ಘಾಟ್‌ನಲ್ಲಿ ಬಾನೆಟ್ ಸಂದಿಯಿಂದ ಹೊಗೆ ಬಂದಾಗ ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಮಗಳು ಕೂತಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಗಾಡಿ ಅಪ್ಪನ ಕಾಲದ ಮಾರುತಿ 800. ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿ ಪಿಸ್ಟನ್, ರಿಂಗ್ ಹಾಕಿಸಿದೆವು. ಎಂಜಿನ್ ಹೊರಗೆ ಬಂದಾಗಲೇ ತುಕ್ಕು ತೆಗೆದು ಪೇಂಟ್ ಮಾಡಿಸುವುದು ಸುಲಭ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಎಂಜಿನ್ ಒಳಗಿನ ಸುಟ್ಟ ಹೊಗೆ ಮೊದಲು ಹೊರಬರುವ ಪೈಪು) 600 ಡಿಗ್ರಿ ತಡೆಯುವ ಪೇಂಟೇ ಬೇಕು ಅಂತ ಮೊದಲೇ ಹೇಳಿದ್ದೆ. ‘ಅದನ್ನ ಹೊಡೀತೀವ್ರಿ ಸರ, ನೀವೇನ್ ಚಿಂತಿ ಮಾಡಬ್ಯಾಡ್ರಿ’ ಅಂದರು. ಅದಕ್ಕೆ ಅಂತ ಬೇರೆ ದುಡ್ಡೂ ತಗೊಂಡರು. ಗಾಡಿ ಕೈಗೆ ಬಂದಾಗ ಎಂಜಿನ್ ಫಳಫಳ ಹೊಳೆಯುತ್ತಿತ್ತು.

ಊರೊಳಗೆ ಓಡಾಡಿದಾಗ ಸ್ವಲ್ಪ ವಾಸನೆ ಇತ್ತು. ಫೋನ್ ಮಾಡಿದರೆ, ಹೊಸ ಪೇಂಟ್ ಹಾಗೇ, ಕಾದು ಕಾದು ಸೆಟ್ ಆಗುತ್ತದೆ ಅಂದರು. ಆಮೇಲೆ ಅಂಕೋಲಾಕ್ಕೆ ಹೋದೆವು. ಬರುವಾಗ ಅರಬೈಲ್ ಘಾಟ್ ಏರು. ಗಾಡಿ ತುಂಬ ಜನ, ಸೆಕೆಂಡ್ ಗೇರ್, ಮುಂದೆ ಸಾಲು ಸಾಲು ಲಾರಿ. ಮೊದಲು ಎಸಿ ಗಾಳಿಯಲ್ಲಿ ಸುಟ್ಟ ವಾಸನೆ, ಆಮೇಲೆ ಹೊಗೆ. ಬದಿಗೆ ನಿಲ್ಲಿಸಿ ಎಲ್ಲರನ್ನೂ ಇಳಿಸಿದೆ. ಸ್ವಲ್ಪ ತಡೆದು ಬಾನೆಟ್ ಎತ್ತಿದೆ.

ಮ್ಯಾನಿಫೋಲ್ಡ್ ಮೇಲಿನ ಬೆಳ್ಳಿ ಬಣ್ಣ ಕಂದಾಗಿ, ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಅದಕ್ಕಿಂತ ಗಾಬರಿಯಾದದ್ದು ಟ್ಯಾಪೆಟ್ ಕವರ್, ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳ ನೋಡಿ. ಅಂಚಿನಲ್ಲಿ ಪೇಂಟ್ ಪೊರೆ ಎದ್ದು, ಅದರ ಕೆಳಗಿನಿಂದ ಆಯಿಲ್ ಜಿನುಗುತ್ತಿತ್ತು. ಆಯಿಲ್ ಸೋರದಂತೆ ಮುಚ್ಚಳದ ಅಡಿ ಕೂರಿಸುವ ಪ್ಯಾಕಿಂಗ್ ಬದಲಿಸದೆ ಹಳೆಯದನ್ನೇ ಕೂರಿಸಿ, ಮೇಲೆ ಪೇಂಟ್ ಹೊಡೆದು ಸೋರಿಕೆ ಮುಚ್ಚಿದ್ದರು. ಒಂದು ಎಳೆ ಕೆಳಗೆ ಇಳಿದಿತ್ತು. ಆ ಆಯಿಲ್ ಕಾದ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ ಹತ್ತುವುದಕ್ಕೆ ಬೇರೇನೂ ಬೇಕಿಲ್ಲ.

ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ, ಟಚಪ್‌ಗೆ ಇರಲಿ ಅಂತ ಗ್ಯಾರೇಜಿನವರು ಉಳಿದ ಪೇಂಟಿನ ಡಬ್ಬಿ ಇಟ್ಟಿದ್ದರು. ಅದಕ್ಕೆ ಸುತ್ತಲೂ ಮಾಸ್ಕಿಂಗ್ ಟೇಪ್, ಟೇಪಿನ ಮೇಲೆ ಮಾರ್ಕರ್‌ನಲ್ಲಿ ‘ಹೀಟ್’ ಅಂತ ಬರೆದಿತ್ತು. ಮನೆಗೆ ಬಂದು ಆ ಟೇಪ್ ಕಿತ್ತೆ. ಕೆಳಗಿನ ಅಸಲಿ ಲೇಬಲ್‌ನಲ್ಲಿ ಗೇಟ್, ಗ್ರಿಲ್, ಕಬ್ಬಿಣದ ಪೈಪ್‌ಗೆ ಬಳಸಿ ಅಂತಿತ್ತು. ಎಷ್ಟು ಡಿಗ್ರಿ ತಡೆಯುತ್ತದೆ ಅನ್ನುವ ಮಾತೇ ಇಲ್ಲ!

ಎಂಜಿನ್‌ನಲ್ಲಿ ಎಲ್ಲಾ ಕಡೆ ಒಂದೇ ಬಿಸಿ ಇರುವುದಿಲ್ಲ. ಕೂಲಂಟ್ ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಬ್ಲಾಕ್‌ನ ಹೊರಮೈ ಕೂಡ ಹೆಚ್ಚು ಕಡಿಮೆ ಅದೇ ಲೆಕ್ಕ. ಅಲ್ಲಿಗೆ ಒಳ್ಳೇ ಎಂಜಿನ್ ಎನಾಮಲ್ ಸಾಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಾಗಲ್ಲ. ಲೋಡ್ ಬಿದ್ದಾಗ ಸಲೀಸಾಗಿ 400 ದಾಟುತ್ತದೆ, ಏರು ಹತ್ತುವಾಗ 600ರ ಹತ್ತಿರ ಹೋಗಬಹುದು. ಮಾಮೂಲಿ ಪೇಂಟಿನ ಅಂಟು ಇದರ ಕಾಲುಭಾಗ ಬಿಸಿಯಲ್ಲೇ ಕಂದಾಗಿ ಸುಡಲು ಶುರುವಾಗುತ್ತದೆ. ಅಷ್ಟು ಬಿಸಿ ತಡೆಯುವುದು ಸಿಲಿಕೋನ್ ರೆಸಿನ್ ಅನ್ನುವ ಅಂಟು ಇರುವ ಪೇಂಟ್. ಹೀಟ್ ರೆಸಿಸ್ಟೆಂಟ್ ಅಲ್ಯುಮಿನಿಯಂ ಪೇಂಟ್‌ನಲ್ಲೂ 200, 400, 600 ಡಿಗ್ರಿ ಅಂತ ಬೇರೆ ಬೇರೆ ಇವೆ. 200ರ ಡಬ್ಬಿ ಕೊಟ್ಟು ‘ಹೀಟ್ ಪೇಂಟೇ ರೀ’ ಅಂದರೆ ಅದು ಸುಳ್ಳಲ್ಲ, ಆದರೆ ಮ್ಯಾನಿಫೋಲ್ಡ್‌ಗೆ ಆಗಿಬರುವುದಿಲ್ಲ.

ಸ್ಪ್ರೇ ಕ್ಯಾನ್ ತಗೊಳ್ಳುವವರು ಇನ್ನೊಂದು ನೋಡಬೇಕು. ಹೊರದೇಶದ ಕ್ಯಾನ್‌ಗಳ ಮೇಲೆ ದೊಡ್ಡದಾಗಿ 1200 ಅಂತ ಇರುತ್ತದೆ, ಪಕ್ಕದಲ್ಲಿ ಚಿಕ್ಕ ‘ಎಫ್’. ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕಕ್ಕೆ ಸುಮಾರು 650 ಡಿಗ್ರಿ. 500 ಅಂತ ಇದ್ದರೆ ಬರೀ 260. ಅದು ಬ್ಲಾಕ್‌ಗೆ ಸರಿ, ಮ್ಯಾನಿಫೋಲ್ಡ್‌ಗೆ ಅಲ್ಲ.

ಕೊನೆಗೆ ಧಾರವಾಡದಲ್ಲಿ ಪರಿಚಯದ ಹಿರಿಯ ಮಿಸ್ತ್ರಿ ಒಬ್ಬರ ಹತ್ತಿರ ಮತ್ತೆ ಮಾಡಿಸಿದೆ. ಅವರನ್ನು ನಾವೆಲ್ಲ ಕಾಕಾ ಅಂತಲೇ ಕರೆಯೋದು. ಅವರು ಮೊದಲು ಹೊಸ ಪ್ಯಾಕಿಂಗ್ ಹಾಕಿ, ಗಾಡಿ ಓಡಿಸಿ, ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೇ ಪೇಂಟಿನ ಮಾತು. ಮ್ಯಾನಿಫೋಲ್ಡ್ ಬಿಚ್ಚಿ, ವೈರ್ ಬ್ರಷ್‌ನಿಂದ ಬರಿ ಲೋಹ ಕಾಣುವವರೆಗೆ ಉಜ್ಜಿದರು. ಸೀಮೆಎಣ್ಣೆಯಲ್ಲಿ ತೊಳೆದು ಬಿಡ್ತಾರಲ್ಲ, ಅದು ಸಾಲದು. ಅದರ ಜಿಡ್ಡು ಉಳಿದರೆ ಎಂಥಾ ಪೇಂಟೂ ಹಿಡಿಯುವುದಿಲ್ಲ. ಕಾಕಾ ಥಿನ್ನರ್‌ನಲ್ಲಿ ಒರೆಸಿದರು, ಬಿಳಿ ಬಟ್ಟೆ ಬಿಳಿಯಾಗೇ ಬರುವ ತನಕ. ‘ಬಟ್ಟಿ ಕರ್ರಗ ಬಂದ್ರ ಪೇಂಟ್ ಮುಟ್ಟಬಾರ್ದಪಾ’ ಅಂದರು. ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಲಿಲ್ಲ. ಮಾಮೂಲಿ ಪ್ರೈಮರ್ ಅಷ್ಟು ಬಿಸಿಗೆ ಅಡಿಯಲ್ಲೇ ಸುಟ್ಟು, ಮೇಲಿನ ಪೇಂಟನ್ನೂ ಎತ್ತಿಬಿಡುತ್ತದೆ.

ಪೇಂಟ್ ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು ಕೋಟ್. ದಪ್ಪ ಹೊಡೆದರೆ ಒಳಗಿನ ಥಿನ್ನರ್ ಹೊರಬರಲು ದಾರಿ ಸಿಗದೆ ಗುಳ್ಳೆ ಏಳುತ್ತದೆ. ಮಳೆ ಹಿಡಿದಾಗ ಹೊಡೆಸಲೇಬೇಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗಾಳಿಯ ತೇವಕ್ಕೆ ಪೇಂಟ್ ಬೆಳ್ಳಗೆ ಮಬ್ಬಾಗುತ್ತದೆ. ಸಿಲಿಕೋನ್ ಪೇಂಟ್ ಬರೀ ಒಣಗಿದರೆ ಗಟ್ಟಿಯಾಗುವುದಿಲ್ಲ, ಅದನ್ನು ಬಿಸಿ ಮಾಡಿ ಕಾಯಿಸಬೇಕು. ಸ್ವಲ್ಪ ಹೊತ್ತು ಎಂಜಿನ್ ಚಾಲೂ ಮಾಡಿ ಪೂರ್ತಿ ತಣಿಸಿ, ಮತ್ತೆ ಇನ್ನೂ ಹೆಚ್ಚು ಹೊತ್ತು, ಹೀಗೆ ಹಂತಹಂತವಾಗಿ. ಲೇಬಲ್‌ನಲ್ಲಿ ಡಿಗ್ರಿ ಮತ್ತು ನಿಮಿಷ ಎರಡೂ ಬರೆದಿರುತ್ತದೆ. ಈ ಮೊದಲ ಕಾಯಿಸುವಿಕೆಯಲ್ಲಿ ಒಳ್ಳೇ ಪೇಂಟಿನಿಂದಲೂ ಸ್ವಲ್ಪ ಹೊಗೆ ಬರುತ್ತದೆ, ಬಯಲಲ್ಲಿ ಮಾಡಿ. ಆದರೆ ಆಮೇಲೆ ಆ ಹೊಗೆ ನಿಲ್ಲಬೇಕು. ನಿಲ್ಲದಿದ್ದರೆ ‘ಹೊಸ ಪೇಂಟ್ ಹಾಗೇ’ ಅನ್ನುವ ಮಾತು ನಂಬಬೇಡಿ.

ಇನ್ನೊಂದು ಕಿತಾಪತಿ ಕಾಕಾ ತೋರಿಸಿದರು. ಹಿಂದಿನವರು ಟೇಪ್ ಹಚ್ಚದೆ ಹೊಡೆದಿದ್ದರಿಂದ ಅರ್ಥ್ ವೈರ್ ಬೋಲ್ಟ್, ಬೆಲ್ಟ್, ಎಲ್ಲದರ ಮೇಲೂ ಪೇಂಟ್ ಕೂತಿತ್ತು. ಬ್ಲಾಕ್ ಮೇಲಿನ ಎಂಜಿನ್ ನಂಬರ್ ಅಂತೂ ದಪ್ಪ ಪೇಂಟಿನಲ್ಲಿ ಹೂತೇ ಹೋಗಿತ್ತು. 15 ವರ್ಷ ದಾಟಿದ ಗಾಡಿಯ ಆರ್‌ಸಿ ರಿನ್ಯೂ ಮಾಡಿಸಲು ಹೋದಾಗ ಆರ್‌ಟಿಓದಲ್ಲಿ ಈ ನಂಬರ್ ತಾಳೆ ನೋಡುತ್ತಾರೆ. ಅದು ಓದಲು ಬರದಿದ್ದರೆ ಸುಮ್ನೆ ಅನುಮಾನ, ಸುಮ್ನೆ ಅಲೆದಾಟ. ನಿಮ್ಮದೂ ಮುಚ್ಚಿದ್ದರೆ ಥಿನ್ನರ್ ಬಟ್ಟೆಯಿಂದ ನಿಧಾನಕ್ಕೆ ಒರೆಸಿ. ಅರ, ಎಮೆರಿ ಪೇಪರ್ ಮಾತ್ರ ಹಚ್ಚಬೇಡಿ, ನಂಬರ್ ತಿದ್ದಿದ ಹಾಗೆ ಕಾಣುತ್ತದೆ.

ಮೊದಲಿನ ಗ್ಯಾರೇಜಿನವರು ದುಡ್ಡು ವಾಪಸ್ ಕೊಡಲಿಲ್ಲ. ಅವರ ಬಿಲ್‌ನಲ್ಲಿ ‘ಎಂಜಿನ್ ಪೇಂಟಿಂಗ್’ ಅಂತ ಮಾತ್ರ ಇದೆ, ಅದನ್ನೇ ತೋರಿಸಿ ವಾದ ಮಾಡಿದರು. ಹಾಗಾಗಿ ಪೇಂಟಿನ ಹೆಸರು, ಎಷ್ಟು ಡಿಗ್ರಿಯದು, ಎರಡನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ. ಸೀಲ್ ಇರುವ ಡಬ್ಬಿಯನ್ನು ನಿಮ್ಮ ಮುಂದೆಯೇ ಒಡೆಯಲು ಹೇಳಿ, ಲೇಬಲ್ ಫೋಟೊ ತೆಗೆದುಕೊಳ್ಳಿ. ಈಗಾಗಲೇ ಮೋಸ ಹೋಗಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಘಟನೆ ಆದ 2 ವರ್ಷದೊಳಗೆ ಕೊಡಬೇಕು. ನಾನು ಆ ಡಬ್ಬಿ, ಟೇಪ್, ಫೋಟೊ ಎಲ್ಲಾ ಜೋಡಿಸಿಕೊಂಡು ದೂರು ಬರೆಯುತ್ತಿದ್ದೇನೆ.