ಚಂದ್ರಿಯ ಬೆನ್ನು ಹತ್ತಿ ‘ಸಂಸ್ಕಾರ’ ಓದಿ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದ ಹೆಚ್ಚಿನವರಿಗೆ ನೆನಪುಳಿಯುವುದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತೊಳಲಾಟ. ನವ್ಯ ಸಾಹಿತ್ಯ ಚಳವಳಿಯ ಈ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಳ್ಳುವುದಾದರೆ ಆಚಾರ್ಯರನ್ನು ಅತ್ತ ಬಿಟ್ಟು ಚಂದ್ರಿಯ ಬೆನ್ನು ಹತ್ತಿ. ಪುಸ್ತಕವೇ ಬೇರೆಯಾಗಿ ಕಾಣುತ್ತದೆ.

ಆಚಾರ ಮುರಿದು ಬದುಕಿದ ಬ್ರಾಹ್ಮಣ ನಾರಣಪ್ಪನ ಜೊತೆಗಿದ್ದವಳು ಚಂದ್ರಿ; ಅವನು ಸತ್ತ ಸುದ್ದಿ ತರುವವಳೂ ಅವಳೇ. ಇಂಥವನ ಹೆಣ ಎತ್ತುವವರು ಯಾರೆಂದು ದೂರ್ವಾಸಪುರ ಅಗ್ರಹಾರದ ಗಂಡಸರು ಚರ್ಚೆಗೆ ಕೂತಾಗ, ಖರ್ಚಿಗಿರಲೆಂದು ಮೈಮೇಲಿನ ಬಂಗಾರ ಬಿಚ್ಚಿ ಆಚಾರ್ಯರ ಮುಂದಿಡುತ್ತಾಳೆ. ಆ ಒಡವೆಯೇ ಜಗಳ ಬೆಳೆಸುತ್ತದೆ. ಅದು ತಮ್ಮ ಕುತ್ತಿಗೆಗೆ ಬರಲೆಂದು ಹೆಂಡಂದಿರು ಗಂಡಂದಿರನ್ನು ಒಳಗಿನಿಂದ ತಿವಿಯುತ್ತಾರೆ. ಅಗ್ರಹಾರ ಗೃಹಿಣಿಗೆ ಬಿಟ್ಟಿರುವ ಅಧಿಕಾರ ಅಷ್ಟೇ: ಗಂಡನ ಕಿವಿ.

ಆಚಾರ್ಯರು ಗ್ರಂಥ ತಿರುವುತ್ತಾರೆ, ದೇವರ ಅಪ್ಪಣೆಗಾಗಿ ಮಾರುತಿಯ ಬಲಗಡೆಯ ಹೂ ಬೀಳಲೆಂದು ಕಾಯುತ್ತಾರೆ. ಚಂದ್ರಿ ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸುತ್ತಾಳೆ. ನಾರುತ್ತಿರುವುದು ಬ್ರಾಹ್ಮಣನೂ ಅಲ್ಲ, ಶೂದ್ರನೂ ಅಲ್ಲ, ಬರೀ ಹೆಣ ಎಂಬುದು ಅವಳಿಗೆ ಹೊಳೆದಾಗಿದೆ. ಗಾಡಿಯ ಶೇಷಪ್ಪ ಹೆದರಿ ಹಿಂಜರಿಯುತ್ತಾನೆ. ಮೀನು ವ್ಯಾಪಾರಿ ಅಹಮದ್ ಬ್ಯಾರಿ ಬರುತ್ತಾನೆ. ಕತ್ತಲಲ್ಲೇ ಸುಟ್ಟು, ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ. ಈ ಭಾಗ ಕೆಲವೇ ಪುಟ. ಅವಸರದಲ್ಲಿ ದಾಟಿಬಿಟ್ಟರೆ ಮುಂದಿನದೆಲ್ಲ ತಲೆಕೆಳಗು. ಕೈಮರ, ಮಠ ಎಂದು ಬ್ರಾಹ್ಮಣರು ಅಲೆಯುವುದು ಆಗಲೇ ಬೂದಿಯಾದ ಹೆಣಕ್ಕಾಗಿ ಎಂಬುದನ್ನು ಮರೆಯದೆ ಓದಬೇಕು.

ಆಚಾರ್ಯರ ಹೆಂಡತಿ ಭಾಗೀರಥಿಯ ಪುಟಗಳಲ್ಲಿ ಇನ್ನೂ ನಿಧಾನ ಬೇಕು. ರೋಗಿಷ್ಠ ಹೆಂಡತಿಗೆ ಮೀಯಿಸಿ, ಗಂಜಿ ಕುಡಿಸುವವರು ಗಂಡ. ಮನೆಗೆಲಸ ಅದಲುಬದಲಾದಂತೆ ತೋರುತ್ತದೆ, ಆದರೆ ಪುಣ್ಯ ಸೇರುವುದು ಗಂಡನ ಲೆಕ್ಕಕ್ಕೆ. ಸೇವೆ ಮಾಡಿಸಿಕೊಳ್ಳುವವಳೂ ಇಲ್ಲಿ ಅವರ ಸಾಧನೆಯ ಮೆಟ್ಟಿಲು. ಇನ್ನೊಂದು ಮದುವೆಯಾಗಿ ಎಂದು ಆಕೆಯೇ ಹೇಳುವ ಮಾತು ಎದೆಗೆ ನಾಟುತ್ತದೆ.

ಕೊರತೆಗಳೂ ದೊಡ್ಡವೇ. ದಲಿತ ಹೆಣ್ಣು ಬೆಳ್ಳಿಯ ಕೇರಿಯಲ್ಲಿ ಸಾವು ಗುಡಿಸಲು ಹೊಕ್ಕಿದೆ, ಕಥನದ ಕಣ್ಣು ಮಾತ್ರ ಅವಳನ್ನು ಕೂಡುವ ಅಗ್ರಹಾರದ ಯುವಕ ಶ್ರೀಪತಿಯ ಜೊತೆ ಅವಳ ಮೈಮೇಲೇ ನಿಲ್ಲುತ್ತದೆ. ಕೊನೆಯ ಭಾಗದ ಪದ್ಮಾವತಿ ಆಚಾರ್ಯರ ಪರೀಕ್ಷೆಗೊಂದು ನೆಪವಷ್ಟೆ.

1970ರ ಸಿನಿಮಾ ಪುಸ್ತಕದ ನಂತರ ನೋಡಿ. ಮೊದಲೇ ನೋಡಿದರೆ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರ ಮುಖ ಕಣ್ಣಲ್ಲಿ ಕೂತು, ಬರಹದಲ್ಲಿ ಚಂದ್ರಿ ತನ್ನೊಳಗೇ ಆಡಿಕೊಳ್ಳುವ ಮಾತು ಮಸುಕಾಗುತ್ತದೆ. ಆ ಮಾತು ಸಿಗುವುದೂ ಮೊದಲರ್ಧದಲ್ಲಿ ಮಾತ್ರ. ಕುಂದಾಪುರದತ್ತ ಹೋದ ಚಂದ್ರಿ ಏನಾದಳೆಂದು ಪುಸ್ತಕ ಹೇಳುವುದಿಲ್ಲ.